ಕಣ್ಣಿನ ಲಿಂಫೋಮಾಗೆ ರೇಡಿಯೇಷನ್ ಬರೆದಿದ್ದಾರಾ? ಶುರು ಮಾಡುವ ಮೊದಲು ಇದನ್ನು ಓದಿ

ರೇಡಿಯೇಷನ್ ಬೇಡ ಅಂತ ಹೆದರಿಸುತ್ತಿಲ್ಲ. ನನ್ನ ಗಡ್ಡೆ ಕರಗಿದೆ, ಅದರಲ್ಲಿ ತಕರಾರಿಲ್ಲ. ಗಡ್ಡೆಯನ್ನು ಎಲ್ಲರೂ ನೋಡಿದರು, ಕಣ್ಣನ್ನು ಯಾರೂ ನೋಡಲಿಲ್ಲ, ನನ್ನ ಸಿಟ್ಟು ಅದಕ್ಕೆ.

ಲಿಂಫೋಮಾ ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್, ನನಗೆ ಬಂದಿದ್ದು ಅದರಲ್ಲೇ ಮಾಲ್ಟ್ ಅನ್ನುವ ಬಗೆ. ಕಣ್ಣಿನ ಸುತ್ತ ಬರುವುದರಲ್ಲಿ ಇದೇ ಜಾಸ್ತಿ, ನಿಧಾನವಾಗಿ ಬೆಳೆಯುತ್ತೆ. ಕೆಳರೆಪ್ಪೆ ಎಳೆದರೆ ಬಿಳಿಭಾಗದ ಮೇಲೆ ನಸುಗೆಂಪು ತೇಪೆ, ನೋವೇ ಇಲ್ಲ. "ಕಡಿಮೆ ಡೋಸ್, ಸ್ವಲ್ಪ ಕೆಂಪಾಗುತ್ತೆ ಅಷ್ಟೇ" ಅಂದರು. ಮುಖಕ್ಕೆ ಬಿಗಿಯಾದ ಮಾಸ್ಕ್ ಹಾಕಿ ಮಲಗಿಸಿದರು, ಕೆಲವೇ ನಿಮಿಷ, ಏನೂ ಗೊತ್ತಾಗಲಿಲ್ಲ.

ಸಿಟ್ಟಿಂಗ್ ಎಲ್ಲ ಮುಗಿದ ಮೇಲೆ ಶುರುವಾಯಿತು. ಬೆಳಿಗ್ಗೆ ರೆಪ್ಪೆ ಗುಡ್ಡೆಗೆ ಅಂಟಿಕೊಂಡಿರುತ್ತಿತ್ತು, ತೆರೆದರೆ ಉರಿ, ಆಮೇಲೆ ದಿನವಿಡೀ ಧಾರಾಕಾರ ನೀರು. ರೇಡಿಯೇಷನ್ ವಿಭಾಗಕ್ಕೆ ಫೋನ್ ಮಾಡಿದರೆ "ನೀರು ಬರ್ತಿದೆ ಅಂದ್ರೆ ಇನ್‌ಫೆಕ್ಷನ್ ಇರಬೇಕು, ಕಣ್ಣಿನವರಿಗೆ ತೋರಿಸಿ" ಅಂದರು, ಕಣ್ಣಿನವರು "ಕೊಟ್ಟವರನ್ನೇ ಕೇಳಿ" ಅಂದರು.

ಕೊನೆಗೆ ಬೇರೊಬ್ಬ ಡಾಕ್ಟರ್ ಕಣ್ಣಿಗೆ ಕಿತ್ತಳೆ ಬಣ್ಣದ ಡೈ ಹಾಕಿ, ನೀಲಿ ಬೆಳಕು ಬಿಟ್ಟು, ರೆಪ್ಪೆ ಬಡಿಯಬೇಡಿ ಅಂದರು. ಕಣ್ಣೀರಿನ ಪದರ ಕೆಲವೇ ಸೆಕೆಂಡಿಗೆ ಒಡೆಯಿತು, ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತುಂಬ ಹಸಿರು ಚುಕ್ಕೆ. ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳಿಗೆ ರೇಡಿಯೇಷನ್ ತಗುಲಿದರೆ ಕಣ್ಣೀರು ಕಣ್ಣಿನ ಮೇಲೆ ನಿಲ್ಲದೆ ಬೇಗ ಆರುತ್ತದೆ, ಮೇಲ್ಮೈ ಒಣಗಿ ಕೆರಳುತ್ತದೆ, ಆ ಉರಿಗೇ ಇನ್ನಷ್ಟು ನೀರು ಸುರಿಯುತ್ತದಂತೆ. ಅಂದರೆ ನೀರು ಸುರಿಯುವ ಕಣ್ಣೂ ಒಣಗಿದ ಕಣ್ಣೇ! ಈಗ ಹಗಲು ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್, ರಾತ್ರಿ ಆಯಿಂಟ್‌ಮೆಂಟ್.

ಕಣ್ಣೊಳಗಿನ ಲೆನ್ಸ್ ಕೂಡ ಸ್ವಲ್ಪ ಮಂಜಾಗಿದೆ. ಮೊದಲೇ ಇತ್ತಾ ಅಂತ ಕೇಳಿದರು. ಯಾರಿಗೆ ಗೊತ್ತು? ಚಿಕಿತ್ಸೆಗೆ ಮುಂಚಿನ ಒಂದು ಚೀಟಿಯೂ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಮೊದಲ ಸಿಟ್ಟಿಂಗ್‌ಗೆ ಮುಂಚೆ ಕಣ್ಣಿನ ಪೂರ್ತಿ ಪರೀಕ್ಷೆ ಮಾಡಿಸಿ: ದೃಷ್ಟಿ, ಲೆನ್ಸ್, ರೆಟಿನಾ, ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕಣ್ಣೀರು ಅಳೆಯುವ ಪರೀಕ್ಷೆ. ರಿಪೋರ್ಟ್ ಕೈಯಲ್ಲಿರಲಿ. ಕ್ಯಾಟರಾಕ್ಟ್, ಅಂದರೆ ಲೆನ್ಸ್ ಮಂಜಾಗುವ ಪೊರೆ, ಕೆಲವರಿಗೆ ವರ್ಷಗಳ ಮೇಲೆ ಬರುತ್ತದೆ, ಆಪರೇಷನ್ ಮಾಡಬಹುದು ನಿಜ, ಆದರೆ ಮೊದಲೇ ಹೇಳಬೇಕಲ್ವಾ?

ಡೋಸ್ ಎಷ್ಟು ಅಂತ ಬಾಯಿಬಿಟ್ಟು ಕೇಳಿ. "ಕಡಿಮೆ" ಅನ್ನುವುದು ಉತ್ತರವಲ್ಲ. ಸಾಮಾನ್ಯವಾಗಿ 24 ಗ್ರೇ (ರೇಡಿಯೇಷನ್ ಅಳೆಯುವ ಮಾನ), 12 ಸಿಟ್ಟಿಂಗ್. ನಿಧಾನವಾಗಿ ಬೆಳೆಯುವ ಬಗೆಗೆ ಎರಡೇ ಸಿಟ್ಟಿಂಗ್‌ನಲ್ಲಿ 4 ಗ್ರೇ ಕೊಟ್ಟು ಕಾದು ನೋಡುವ ದಾರಿಯೂ ಇದೆ, 2024ರಲ್ಲಿ ಪ್ರಕಟವಾದ 50 ರೋಗಿಗಳ ಅಧ್ಯಯನದಲ್ಲಿ ಹೆಚ್ಚಿನವರಿಗೆ ಅಷ್ಟೇ ಸಾಕಾಗಿತ್ತು. ಕರಗಲು ತಿಂಗಳುಗಳೇ ಬೇಕಾಗಬಹುದು, ಎಲ್ಲರಿಗೂ ಹೊಂದುವುದೂ ಇಲ್ಲ, ಆದರೆ ನನ್ನ ಮುಂದೆ ಆ ಮಾತೇ ಎತ್ತಲಿಲ್ಲ. ಲೆನ್ಸ್‌ಗೆ ಮರೆ ಇಡಬಹುದಾ ಅಂತಲೂ ವಿಚಾರಿಸಿ. ಗಡ್ಡೆ ಬಿಳಿಭಾಗದ ಮೇಲಷ್ಟೇ ಇದ್ದರೆ ಕೆಲವೊಮ್ಮೆ ಇಡುತ್ತಾರೆ. ಗುಡ್ಡೆಯ ಹಿಂದೆ ಇದ್ದರೆ ಕಷ್ಟ, ಮರೆಯ ಹಿಂದೆ ರೋಗವೂ ಉಳಿದುಬಿಡಬಹುದು.

ಮುಗಿದ ಮೇಲೆ ಕಣ್ಣು ಕೆರಳಿದರೆ ನೋಡುವವರು ಯಾರು ಅಂತ ಹೆಸರು, ನಂಬರ್ ಬರೆಸಿಕೊಳ್ಳಿ. ದೃಷ್ಟಿ ಮಂಜಾದರೆ, ಬೆಳಕು ನೋಡಿದರೆ ನೋವಾದರೆ, ಅವತ್ತೇ ಹೋಗಿ.