ವಾಕ್ಯರೂಪದ ಲೆಕ್ಕ: ಚಿತ್ರ ಬರೆಸುವುದೋ, ಬಿಡಿಸಿ ತೋರಿಸುವುದೋ, ಮಕ್ಕಳಿಗೇ ಬಿಡುವುದೋ?

ಶಿರಸಿಯ ಏಳನೇ ತರಗತಿಗೆ ಈ ಲೆಕ್ಕ ಕೊಡಿ: ಅಡಿಕೆಯ ಐದನೇ ಎರಡು ಭಾಗ ಮಾರಿದ ಮೇಲೆ 18 ಚೀಲ ಉಳಿದವು, ಮೊದಲು ಎಷ್ಟಿದ್ದವು? ಕೆಲವರು 18ರ ಐದನೇ ಎರಡು ಭಾಗ ಹುಡುಕಲು ಹೊರಡುತ್ತಾರೆ. ಅವರಿಗೆ ಗುಣಾಕಾರ ಬರುತ್ತದೆ, 18 ಯಾವುದರ ಭಾಗ ಎಂಬುದು ಹೊಳೆದಿಲ್ಲ. ಈ ತಪ್ಪಿಗೆ ಪಟ್ಟಿಚಿತ್ರವೇ ಮದ್ದು. ಐದು ಸಮ ಮನೆ ಬರೆಸಿ, ಎರಡನ್ನು ಹೊಡೆದುಹಾಕಿಸಿ. ಉಳಿದ ಮೂರು ಮನೆಗೆ 18, ಒಂದಕ್ಕೆ 6, ಒಟ್ಟು 30. ಮನೆಗಳು ಹೆಚ್ಚುಕಡಿಮೆಯಾದರೆ ಚಿತ್ರವೇ ದಾರಿ ತಪ್ಪಿಸುತ್ತದೆ, ಚೌಕುಳಿ ಹಾಳೆ ಕೊಡಿ.

ಸಮೀಕರಣದಂತೆ ವಿಧಾನವೇ ಹೊಸದಾದರೆ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿದ ಲೆಕ್ಕ ತೋರಿಸುವುದೇ ಮೇಲು. ಸಂಶೋಧಕರಾದ ಸ್ವೆಲರ್ ಮತ್ತು ಕೂಪರ್ 1985ರಲ್ಲಿ ಬೀಜಗಣಿತದಲ್ಲಿ ಕಂಡದ್ದೂ ಇದನ್ನೇ. ಮೊದಲ ಲೆಕ್ಕ ಪೂರ್ತಿ ಬಿಡಿಸಿ ಕೊಡಿ, ಎರಡನೆಯದರಲ್ಲಿ ಕೊನೆಯ ಹೆಜ್ಜೆ ಖಾಲಿ ಬಿಡಿ, ಮೂರನೆಯದರಲ್ಲಿ ಎರಡು ಹೆಜ್ಜೆ ಖಾಲಿ ಬಿಡಿ. ಬರೀ ನಕಲಾಗದಂತೆ ಪ್ರತಿ ಹೆಜ್ಜೆಗೂ ‘ಯಾಕೆ?’ ಬರೆಸಲೇಬೇಕು. ಕಲಿತು ಮುಂದೆ ಹೋದವರಿಗೆ ಇದು ಬೇಡ.

ಅಂಥವರನ್ನು ಮೂವರ ಗುಂಪು ಮಾಡಿ ಲೆಕ್ಕ ಬಿಟ್ಟುಕೊಡಿ. ಸಮಯ ಮಾತ್ರ ದುಬಾರಿ: 40 ನಿಮಿಷಕ್ಕೆ ಒಂದೇ ಲೆಕ್ಕ. ಘಟ್ಟದ ಮೇಲಿನ ಸಣ್ಣ ಶಾಲೆಯಲ್ಲಿ ಒಬ್ಬರೇ ಎರಡು ತರಗತಿ ನೋಡಿಕೊಳ್ಳುವಾಗ, ಬಿಡಿಸಿದ ಲೆಕ್ಕದ ಹಾಳೆಯೇ ಒಂದು ತರಗತಿಯ ಕೈಹಿಡಿಯುತ್ತದೆ.