ಸ್ಟ್ರ್ಯಾಪ್ ಮೆದು ಮಾಡುವ ಎಣ್ಣೆಯ ಜಾಹೀರಾತಿನಲ್ಲಿರುವ ಕೈ ನನ್ನದು, ದಯವಿಟ್ಟು ನಂಬಬೇಡಿ

ಫೋನಿನಲ್ಲಿ ಒಂದು ಜಾಹೀರಾತು ಓಡಾಡ್ತಾ ಇದೆ. ಗಟ್ಟಿಯಾದ ರಬ್ಬರ್, ರೆಸಿನ್ ವಾಚ್ ಸ್ಟ್ರ್ಯಾಪನ್ನು ಒಂದೇ ರಾತ್ರಿಯಲ್ಲಿ ಹೊಸದರ ಹಾಗೆ ಮಾಡುವ ಎಣ್ಣೆ, 50 ಎಂ.ಎಲ್. ಬಾಟಲಿಗೆ 699 ರೂಪಾಯಿ. ಕೆಳಗೆ ವಾಚು ಕಟ್ಟಿದ ಒಬ್ಬ ಗಿರಾಕಿಯ ಕೈಯ ಫೋಟೊ, ಜೊತೆಗೆ ಅವನ ಮೆಸೇಜ್: "ಸೂಪರ್ ಸರ್, ಬೆಣ್ಣೆ ಹಾಗಾಗಿದೆ." ಆ ಗಿರಾಕಿ ನಾನೇ. ಆ ಮೆಸೇಜ್ ನಾನೇ ಕಳಿಸಿದ್ದು. ಅದು ಎರಡು ದಿನದ ಮಟ್ಟಿಗೆ ಮಾತ್ರ ನಿಜ. ನನ್ನ ಮಾತು ನಂಬಿ ಇನ್ನೊಬ್ಬರು ದುಡ್ಡು ಹಾಕಬಾರದು ಅಂತಲೇ ಇಷ್ಟೆಲ್ಲ ಬರೀತಾ ಇದ್ದೇನೆ.

ವಾಚು ಕ್ಯಾಸಿಯೊ ಜಿ-ಶಾಕ್, ಡಿಡಬ್ಲ್ಯು-5600ಇ. 2009ರಲ್ಲಿ ಅಣ್ಣ ದುಬೈಯಿಂದ ಬರುವಾಗ ತಂದುಕೊಟ್ಟದ್ದು. ಹತ್ತು ವರ್ಷ ಕೈಯಿಂದ ಇಳಿಸಿದವನಲ್ಲ. ಆಮೇಲೆ ಬ್ಯಾಟರಿ ಹೋಯಿತು, ಕಪಾಟಿನಲ್ಲಿಟ್ಟೆ, ಮರೆತೆ. ಉಡುಪಿಯ ಮಳೆಗಾಲ ನಿಮಗೆ ಗೊತ್ತಲ್ಲ, ಕಪಾಟಿನ ಒಳಗೂ ಬೂಸ್ಟು ಬರುತ್ತದೆ. ಅಂಥ ನಾಲ್ಕೈದು ಮಳೆಗಾಲ ಕಳೆದು ತೆಗೆದರೆ ಸ್ಟ್ರ್ಯಾಪು ಒಣಗಿದ ಅಡಿಕೆ ಹಾಳೆ ಹಾಗೆ ಸೆಟೆದು ನಿಂತಿತ್ತು. ಬಗ್ಗಿಸಲು ಹೆದರಿಕೆ. ಆ ಹೊತ್ತಿಗೇ ಈ ಜಾಹೀರಾತು ಕಣ್ಣಿಗೆ ಬಿತ್ತು.

ಜಾಹೀರಾತಿನ ವೀಡಿಯೊದಲ್ಲಿ ಎಣ್ಣೆ ಮಾರುವವನು ಬಿಳಿಚಿದ ಸ್ಟ್ರ್ಯಾಪನ್ನು ಎಣ್ಣೆಯಲ್ಲಿ ಅದ್ದುತ್ತಾನೆ, ಮರುದಿನ ತೆಗೆದು ಬೆರಳಿಗೆ ಸುತ್ತುತ್ತಾನೆ. ಆಮೇಲೆ ನಿಧಾನ ಮಾಡಿ ನೋಡಿದೆ. ಅದ್ದಿದ ಸ್ಟ್ರ್ಯಾಪಿನ ಬಕಲ್ ಸವೆದಿದೆ, ಬೆರಳಿಗೆ ಸುತ್ತಿದ್ದರ ಬಕಲ್ ಫಳಫಳ. ಎರಡೂ ಬೇರೆ ಬೇರೆ ಸ್ಟ್ರ್ಯಾಪು! ಇದನ್ನು ದುಡ್ಡು ಹಾಕುವ ಮೊದಲು ನೋಡಬೇಕಿತ್ತು. ನೋಡಲಿಲ್ಲ.

ಬಾಟಲಿ ಬಂತು. ಲೇಬಲ್ ಇಲ್ಲ, ಒಳಗೆ ಏನಿದೆ ಅಂತ ಒಂದಕ್ಷರ ಬರೆದಿಲ್ಲ. ಪಿನ್ನು ಬಿಚ್ಚಿ ಸ್ಟ್ರ್ಯಾಪನ್ನು ರಾತ್ರಿಯಿಡೀ ನೆನೆಸಿದೆ. ವಾಚಿನ ಸುತ್ತಲಿನ ಕವಚಕ್ಕೂ ಹತ್ತಿಯಲ್ಲಿ ಒರೆಸಿದೆ. ಅಕ್ಷರಗಳಿಗೆ ತುಂಬಿದ್ದ ಬಣ್ಣ ಹತ್ತಿಗೇ ಬಂತು. ಅಲ್ಲಿಗೇ ನಿಲ್ಲಿಸಬೇಕಿತ್ತು. ಬೆಳಿಗ್ಗೆ ನೋಡಿದರೆ ಸ್ಟ್ರ್ಯಾಪು ನಿಜವಾಗಿಯೂ ಮೆದು. ಖುಷಿಯಲ್ಲಿ ಕೈಗೆ ಕಟ್ಟಿ ಫೋಟೊ ತೆಗೆದೆ, ಅದನ್ನೂ ಆ ಮೆಸೇಜನ್ನೂ ಮಾರಿದವನಿಗೆ ಕಳಿಸಿದೆ. ಸಹೋದ್ಯೋಗಿಯೊಬ್ಬರಿಗೂ ಹೇಳಿದೆ, ಅವರೂ ತರಿಸಿದರು. ಈಗ ಅವರ ಮುಖ ನೋಡಲು ನಾಚಿಕೆ ಆಗುತ್ತದೆ.

ಮೂರನೇ ದಿನ ಅಂಟು ಅಂಟು. ಸ್ಟ್ರ್ಯಾಪು ಉಬ್ಬಿ ಲೂಪಿನೊಳಗೆ ತೂರುತ್ತಲೇ ಇರಲಿಲ್ಲ. ವಾರ ಕಳೆಯುವಷ್ಟರಲ್ಲಿ ಮೊದಲಿಗಿಂತ ಗಟ್ಟಿ. ಹತ್ತನೇ ದಿನ ಕಲ್ಸಂಕದಲ್ಲಿ ಸ್ಕೂಟರಿನ ಬ್ರೇಕ್ ಹಿಡಿದದ್ದೇ, ಪಿನ್ನಿನ ಬುಡದಲ್ಲಿ ಟಕ್ ಅಂತ ತುಂಡಾಯಿತು. ವಾಚು ರಸ್ತೆಗೆ ಬಿತ್ತು, ಹಿಂದಿನಿಂದ ಬಸ್ಸು. ನಿಲ್ಲಿಸಿ ಹೆಕ್ಕಿದೆ. ಗಾಜಿನ ಮೇಲೆ ಉದ್ದಕ್ಕೂ ಗೀರು.

ಆ ರಾತ್ರಿ ಬಾಟಲಿ ಮೇಜಿನ ಮೇಲಿತ್ತು. ಅಮ್ಮ ಮುಚ್ಚಳ ತೆಗೆದು ಮೂಸಿ ಕೇಳಿದರು, "ಎಂಥ ಮಾರಾಯ, ನನ್ನ ಮಂಡಿನೋವಿನ ಎಣ್ಣೆ ವಾಚಿಗೆ ಹಾಕಿದ್ಯಾ?" ಊಟಿಗೆ ಹೋದಾಗ ತಂದಿದ್ದ ವಿಂಟರ್‌ಗ್ರೀನ್ ಎಣ್ಣೆ. ಎರಡೂ ಬಾಟಲಿ ಅಕ್ಕಪಕ್ಕ ಇಟ್ಟು ಮೂಸಿದೆ. ಅದೇ ವಾಸನೆ. ಒಂದೇ ವಾಸನೆ! ಒಂದು ಕ್ಷಣ ಮಾತೇ ಹೊರಡಲಿಲ್ಲ. ನೋವಿಗೆ ಹಚ್ಚುವ ಎಣ್ಣೆಗೆ 699 ರೂಪಾಯಿ ಕೊಟ್ಟು, ಮೇಲಿಂದ ಸೂಪರ್ ಸರ್ ಅಂತ ಬೇರೆ ಹೇಳಿದ್ದೆ.

ಮಾರಿದವನಿಗೆ ಮೆಸೇಜ್ ಮಾಡಿ ದೂರಿದೆ. ಅವನ ಉತ್ತರಗಳನ್ನು ಹಾಗೇ ಹಾಕುತ್ತೇನೆ. ಮೊದಲು, "ನೀವು 24 ಗಂಟೆ ನೆನೆಸಿಲ್ಲ ಸರ್." ಅವನದೇ ಜಾಹೀರಾತಿನಲ್ಲಿ ಒಂದು ರಾತ್ರಿ ಅಂತಿದೆ. ಆಮೇಲೆ, "ಎರಡನೇ ಬಾಟಲಿ ತಗೊಳ್ಳಿ ಸರ್, 20% ಕಡಿಮೆ ಮಾಡಿ ಕೊಡ್ತೇನೆ." ತುಂಡಾದ ಸ್ಟ್ರ್ಯಾಪಿನ ಫೋಟೊ ಕಳಿಸಿದೆ. ಅದಕ್ಕೆ, "ನಿಮ್ಮ ವಾಚು ಒರಿಜಿನಲ್ ಅಲ್ಲ, ಒರಿಜಿನಲ್ ಆಗಿದ್ರೆ ತುಂಡಾಗ್ತಿರ್ಲಿಲ್ಲ." ಅಣ್ಣ ತಂದ ವಾಚಿಗೆ ನಕಲಿ ಅಂದದ್ದು ನನಗೆ ದುಡ್ಡಿಗಿಂತ ಹೆಚ್ಚು ಉರಿಯಿತು. ನನ್ನ ಫೋಟೊ ತೆಗೆಯಿರಿ ಅಂದೆ. "ನೀವೇ ಒಳ್ಳೇದು ಅಂತ ಹೇಳಿದ್ದಲ್ವಾ ಸರ್." ಅಷ್ಟೇ. ಬ್ಲಾಕ್. ಫೋಟೊ ಇನ್ನೂ ಅಲ್ಲೇ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರದ ವಾಚ್ ರಿಪೇರಿಯವರು ತುಂಡು ನೋಡಿದ ಕೂಡಲೇ ಹೇಳಿದರು: ಈ ರೆಸಿನ್ ಅಂದರೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್. ವರ್ಷಗಟ್ಟಲೆ ಬೆವರು, ತೇವ ತಾಗಿ ಒಳಗಿನ ಕಟ್ಟೇ ಕಡಿದುಹೋಗುತ್ತದೆ, ಕರಾವಳಿಯಲ್ಲಿ ಬೇಗ. ಒಣಗಿದ ಚರ್ಮ ಅಲ್ಲ, ಎಣ್ಣೆ ಕುಡಿಸಿದರೆ ಸರಿಹೋಗಲು. ಎಣ್ಣೆ ಒಳಗೆ ಹೋಗಿ ಉಬ್ಬಿಸುತ್ತದೆ, ಅದನ್ನೇ ನಾವು ಮೆದು ಅಂದುಕೊಳ್ಳುತ್ತೇವೆ. ಎಣ್ಣೆ ಆರಿದ ಮೇಲೆ ಬಿರುಕು. ಬಿಸಿನೀರಿನಲ್ಲಿ ಅದ್ದಿ ಲೋಟಕ್ಕೆ ಸುತ್ತುವುದು ಹೊಸ, ಸೆಟೆದ ಡೈವರ್ (ನೀರಿನೊಳಗೆ ಮುಳುಗುವವರ ವಾಚಿನ) ಸ್ಟ್ರ್ಯಾಪಿಗೆ ಬಾಗು ತರಲು ಸರಿ, ಹಳೆಯದಕ್ಕೆ ಜೀವ ಬರುವುದಿಲ್ಲ. ಸ್ಟ್ರ್ಯಾಪು ಬದಲಾಯಿಸಿ ಅಂದರು. ಬದಲಾಯಿಸಿದೆ. ಇದನ್ನೇ ಮೊದಲು ಮಾಡಿದ್ದರೆ ಗಾಜಾದರೂ ಉಳಿಯುತ್ತಿತ್ತು.

ಇನ್ನೊಂದು ಮಾತು, ಮನೆಯಲ್ಲಿ ಮಕ್ಕಳಿದ್ದವರಿಗೆ. ವಿಂಟರ್‌ಗ್ರೀನ್ ಎಣ್ಣೆ ಅಂದರೆ ಹೆಚ್ಚುಕಡಿಮೆ ಪೂರ್ತಿ ಮೀಥೈಲ್ ಸ್ಯಾಲಿಸಿಲೇಟ್. ಒಂದು ಟೀಚಮಚ ಸಣ್ಣ ಮಗುವಿನ ಹೊಟ್ಟೆಗೆ ಹೋದರೂ ಪ್ರಾಣಕ್ಕೇ ಅಪಾಯ. ಅಂಥದ್ದನ್ನು ಲೇಬಲ್ ಇಲ್ಲದೆ ಕಳಿಸಿದ್ದಾನೆ! ನನ್ನ ಮಗಳಿಗೆ ನಾಲ್ಕು ವರ್ಷ. ಬಾಟಲಿ ಹತ್ತು ದಿನ ಅವಳ ಕೈಗೆಟುಕುವ ಮೇಜಿನ ಮೇಲಿತ್ತು. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ತರಿಸಿದ್ದರೆ ಬಾಟಲಿಯನ್ನು ಈಗಲೇ ಎತ್ತಿಡಿ. ಇನ್ನೂ ತರಿಸದಿದ್ದರೆ ತರಿಸಬೇಡಿ. ಅವನು ಪೇಜಿನ ಹೆಸರು ಬದಲಾಯಿಸುತ್ತಲೇ ಇದ್ದಾನೆ, ಹೆಸರು ಹೇಳಿ ಪ್ರಯೋಜನವಿಲ್ಲ. ಗುರುತು ಹೇಳುತ್ತೇನೆ: ಫೋಟೊದಲ್ಲಿರುವುದು ಎಡಗೈ, ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಕಲೆ, ಹಿಂದೆ ಹಸಿರು ಬಾಗಿಲು. ಅದು ನನ್ನ ಕೈ, ನಮ್ಮ ಮನೆ ಬಾಗಿಲು. ಆ ಸ್ಟ್ರ್ಯಾಪು ಎರಡು ತುಂಡಾಗಿ ನನ್ನ ಡ್ರಾಯರಿನಲ್ಲಿದೆ.