ಭುಜ್‌ನ ಸ್ಮೃತಿವನ: ಅರ್ಧ ದಿನ ಎತ್ತಿಟ್ಟು ಹೋಗಿ

ಗುಜರಾತಿನ ಕಛ್‌ಗೆ ಹೋದವರು ಬಿಳಿ ಉಪ್ಪಿನ ಬಯಲು ನೋಡಿಕೊಂಡು ಹಾಗೇ ವಾಪಸ್ ಬರಬೇಡಿ. ಭುಜ್ ಊರಿನ ಭುಜಿಯೋ ಗುಡ್ಡದ ಮೇಲೆ 2001ರ ಭೂಕಂಪದ ನೆನಪಿನ ಈ ಮ್ಯೂಸಿಯಂ ಇದೆ. ಒಂದು ಗಂಟೆ ಸಾಕು ಅಂತ ಒಳಗೆ ಹೋದ ನಾನು ಹೊರಗೆ ಬಂದಾಗ ಸಂಜೆಯಾಗಿತ್ತು.

ಎಲ್ಲರೂ ಹೊಗಳುವುದು ನಡುಗುವ ಕೋಣೆಯನ್ನು. ಕತ್ತಲು, ಸುತ್ತ ಪರದೆ, ಕಾಲಡಿಯ ನೆಲ ಅಲುಗಾಡುತ್ತದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ತೋಳು ಹಿಡಿದವರು ಲೈಟ್ ಬರುವ ತನಕ ಬಿಡಲಿಲ್ಲ. ಆದರೆ ನನ್ನ ತಲೆಯಲ್ಲಿ ಕೂತಿದ್ದು ಬೇರೆಯೇ. 2001ರ ಜನವರಿ 26ರ ಬೆಳಿಗ್ಗೆ ಜನ ಸತ್ತಿದ್ದು ನೆಲ ನಡುಗಿದ್ದಕ್ಕಿಂತ ಜಾಸ್ತಿ ಮೇಲೆ ಬಿದ್ದ ಮನೆಯಿಂದ, ಅಲ್ವಾ?

ಮನೆ ಹೇಗೆ ಬೀಳುತ್ತದೆ ಅನ್ನೋದರ ಮೇಲೆ ಜೀವ ನಿಂತಿದೆ. ಅಹಮದಾಬಾದ್ ಭುಜ್‌ನಿಂದ 200 ಕಿಲೋಮೀಟರಿಗೂ ದೂರ. ಅಲ್ಲಿಯೂ ಅಪಾರ್ಟ್‌ಮೆಂಟ್‌ಗಳು ಕುಸಿದವು, ಯಾಕಂದ್ರೆ ಎಷ್ಟೋ ಕಡೆ ಕೆಳಗೆ ಪಾರ್ಕಿಂಗ್‌ಗೆ ಅಂತ ಗೋಡೆಯೇ ಇಲ್ಲದ ಬರೀ ಕಂಬ, ಮೇಲೆ ಮನೆಗಳ ಪೂರ್ತಿ ಭಾರ. ಕಂಬ ಮುರಿದರೆ ಸ್ಲ್ಯಾಬ್ ಮೇಲೆ ಸ್ಲ್ಯಾಬ್. ನಡುವೆ ಒಬ್ಬರು ಮಲಗುವಷ್ಟು ಸಂದು ಉಳಿದರೆ ಆಸೆ ಇರುತ್ತದೆ.

ಕಲ್ಲು ಮಣ್ಣಿನ ಮನೆಯಲ್ಲಿ ಆ ಸಂದೂ ಉಳಿಯುವುದಿಲ್ಲ. ಮಣ್ಣು ಎಲ್ಲ ಕಡೆ ತುಂಬಿಕೊಳ್ಳುತ್ತದೆ, ಧೂಳಿಗೆ ಉಸಿರು ಕಟ್ಟುತ್ತದೆ. ನಮ್ಮದು ಆಳಂದ ಕಡೆಯ ಊರು, ಇದು ನಮಗೆ ಹೊಸದಲ್ಲ. 1993ರ ಸೆಪ್ಟೆಂಬರ್ 30ರಂದು ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ, ಗಣಪತಿ ಕಳಿಸಿ ಮಲಗಿದ್ದ ಜನರ ಮೇಲೆ ಬೆಳಗಿನ ಜಾವ ನಾಲ್ಕಕ್ಕೆ ಬಿದ್ದಿದ್ದು ಇಂಥದೇ ದಪ್ಪ ಗೋಡೆ, ಇಂಥದೇ ಮಣ್ಣಿನ ಮಾಳಿಗೆ. ಅದೇ ಕಛ್‌ನ ಹಳ್ಳಿಗಳ ಭುಂಗಾ ಮನೆ ನೋಡಿ. ದುಂಡನೆಯ ಗೋಡೆ, ಮೇಲೆ ಹಗುರ ಹುಲ್ಲಿನ ಮಾಡು. ಚೆನ್ನಾಗಿ ಕಟ್ಟಿದವು 2001ರಲ್ಲೂ ನಿಂತವು.

ನೀರಿನ ಬಾಟಲಿ, ಒಳ್ಳೆಯ ಚಪ್ಪಲಿ ಇರಲಿ, ಏರು ಹತ್ತಬೇಕು. ಗುಡ್ಡದಲ್ಲಿ ನೀರು ನಿಲ್ಲಿಸಿರುವ ಕಟ್ಟೆಗಳ ಗೋಡೆಗೆ ತೀರಿಹೋದವರ ಹೆಸರಿನ ಫಲಕ ಹಾಕಿದ್ದಾರೆ, 12 ಸಾವಿರಕ್ಕೂ ಹೆಚ್ಚು. ದಯವಿಟ್ಟು ಅಲ್ಲಿ ಸೆಲ್ಫಿ ಬೇಡ, ನಾಲ್ಕು ಹೆಸರು ಓದಿ.

ನಾನು ಅಲ್ಲೇ ಕೂತು ತಮ್ಮನಿಗೆ ಫೋನ್ ಹಚ್ಚಿದೆ. "ಅವ್ವನ ಮಂಚ ಆ ಹಳೇ ಗೋಡಿ ಬಾಜೂದಿಂದ ತಗಿಯೋ, ಇವತ್ತೇ ತಗಿ" ಅಂದೆ.